ಅಕ್ಕನ ಸಾಧಕ, ತಮ್ಮನ ಪ್ರತಿಭೆ

ಪ್ರಶ್ನೆ: "ನಾವು ಹಾಸನದಲ್ಲಿದ್ದೇವೆ. ಮಗಳಿಗೆ 12 ವರ್ಷ, ಮಗನಿಗೆ 8. ಮಗಳು ನಾಲ್ಕು ವರ್ಷಗಳಿಂದ ಕರ್ನಾಟಕ ಸಂಗೀತದ ಗಾಯನ ಕಲಿಯುತ್ತಿದ್ದಾಳೆ. ದಿನವೂ ಬೆಳಿಗ್ಗೆ ಒಂದು ಗಂಟೆ, ಮೊಬೈಲಿನಲ್ಲಿ ತಂಬೂರಿ ಹಾಕಿಕೊಂಡು, ಆರಂಭದ ಪಾಠವಾದ ಸರಳೆ ವರಸೆಯಿಂದ ಗೀತೆಗಳವರೆಗೆ ಕಲಿತದ್ದನ್ನೆಲ್ಲ ಒಂದು ಸಲ ಹಾಡಿ ಮುಗಿಸುತ್ತಾಳೆ. ಒಂದು ದಿನವೂ ತಪ್ಪಿಸುವುದಿಲ್ಲ. ಆದರೆ ಶ್ರುತಿ ಸೇರುವುದಿಲ್ಲ. ನಿಷಾದ (ನಿ) ಮತ್ತು ಮೇಲಿನ ಷಡ್ಜಕ್ಕೆ (ಸ) ಬಂದಾಗ ದನಿ ಕೆಳಗೇ ಉಳಿದುಬಿಡುತ್ತದೆ. ಕಳೆದ ವರ್ಷ ಮಗನನ್ನೂ ಅದೇ ತರಗತಿಗೆ ಸೇರಿಸಿದೆವು. ಅವನು ಮನೆಯಲ್ಲಿ ಬಾಯಿಯನ್ನೇ ತೆರೆಯುವುದಿಲ್ಲ, ಆದರೂ ಎರಡು ಸಲ ಕೇಳಿದ್ದನ್ನು ಹಾಗೆಯೇ ಒಪ್ಪಿಸುತ್ತಾನೆ. ಗುರುಗಳು ಒಳ್ಳೆಯವರು, ಒಂದು ಮನೆ ಶ್ರುತಿಯಲ್ಲಿ ಹಾಡುತ್ತಾರೆ, ಹತ್ತು ಮಕ್ಕಳೂ ಅದೇ ಶ್ರುತಿಗೆ ಹಾಡುತ್ತಾರೆ. ಮೊನ್ನೆ ಅವರು, 'ಇವಳಿಗೆ ಸಂಗೀತ ಒಲಿಯುವುದಿಲ್ಲ, ಸುಮ್ಮನೆ ಕಷ್ಟಪಡಿಸಬೇಡಿ, ಹುಡುಗನ ಕಡೆ ಗಮನ ಕೊಡಿ' ಎಂದರು. ಮಗಳಿಗೆ ಅದು ಕೇಳಿಸಿತು. ಹತ್ತು ಸಾವಿರ ಗಂಟೆ ಅಭ್ಯಾಸ ಮಾಡಿದರೆ ಯಾರಿಗಾದರೂ ವಿದ್ಯೆ ಬರುತ್ತದೆ ಎಂದು ನನ್ನ ತಮ್ಮ ಹೇಳುತ್ತಾನೆ. ಹುಟ್ಟಿನಿಂದ ಬರದಿದ್ದರೆ ಏನು ಮಾಡಿದರೂ ಇಲ್ಲ ಎಂದು ನನ್ನ ಅತ್ತೆ ಹೇಳುತ್ತಾರೆ. ಬಿಡಿಸಬೇಕೋ, ಮುಂದುವರಿಸಬೇಕೋ ತಿಳಿಯುತ್ತಿಲ್ಲ. ಒಂದು ವಿಚಿತ್ರವೆಂದರೆ, ಒಬ್ಬಳೇ ಸ್ನಾನದ ಮನೆಯಲ್ಲಿದ್ದಾಗ ಗುನುಗುವುದು ಚೆನ್ನಾಗಿಯೇ ಕೇಳಿಸುತ್ತದೆ. ಯಾರಾದರೂ ಹತ್ತಿರ ಬಂದರೆ ನಿಲ್ಲಿಸಿಬಿಡುತ್ತಾಳೆ."

ಉತ್ತರ: ನಿಮ್ಮ ಪತ್ರದಲ್ಲಿ ಮೂರು ಆತಂಕಗಳು ಹೆಣೆದುಕೊಂಡಿವೆ. ಮಗಳಲ್ಲಿ ಸಂಗೀತದ ಶಕ್ತಿ ಇದೆಯೋ ಇಲ್ಲವೋ ಎಂಬುದು ಮೊದಲನೆಯದು. ಇಲ್ಲವೆಂದಾದರೆ ನಾಲ್ಕು ವರ್ಷದ ಅವಳ ಶ್ರಮ ನೀರಿನಲ್ಲಿ ಹೋಮ ಮಾಡಿದಂತಾಯಿತೇ ಎಂಬುದು ಎರಡನೆಯದು. ಒಂದೇ ಮನೆಯಲ್ಲಿ ಒಬ್ಬರಿಗೆ ಸುಲಭವಾದದ್ದು ಇನ್ನೊಬ್ಬರಿಗೆ ಕಷ್ಟವಾದಾಗ ತಾಯಿಯಾದವಳು ಇಬ್ಬರ ಮುಖವನ್ನೂ ಹೇಗೆ ನೋಡಬೇಕು ಎಂಬುದು, ನೀವು ಬಾಯಿಬಿಟ್ಟು ಕೇಳದ, ಮೂರನೆಯದು. ಪ್ರತಿಭೆ ದೊಡ್ಡದೋ ಪರಿಶ್ರಮ ದೊಡ್ಡದೋ ಎಂಬ ಚರ್ಚೆಗೆ ಹೋಗುವ ಮುನ್ನ ನಿಮ್ಮ ಪತ್ರದಲ್ಲೇ ಇರುವ ಕೆಲವು ಸುಳಿವುಗಳನ್ನು ನೋಡೋಣ, ಏಕೆಂದರೆ ಆ ಸುಳಿವುಗಳು ನಿಮ್ಮ ಗುರುಗಳ ಮಾತಿಗಿಂತ ಬೇರೆಯದೇ ಕಥೆಯನ್ನು ಹೇಳುತ್ತಿವೆ.

ನಾನು ಮಕ್ಕಳಿಗೆ ಗಾಯನ ಹೇಳಿಕೊಡಲು ಆರಂಭಿಸಿ 31 ವರ್ಷಗಳಾದವು. ಗುರುಗಳು ಒಂದು ಮನೆ ಶ್ರುತಿಯಲ್ಲಿ ಹಾಡುತ್ತಾರೆ ಎಂದಿದ್ದೀರಿ. ಶ್ರುತಿಯೆಂದರೆ ಹಾಡುವವರು ಆಧಾರವಾಗಿ ಇಟ್ಟುಕೊಳ್ಳುವ ಷಡ್ಜದ ಎತ್ತರ, ಮನೆಯೆಂದರೆ ಹಾರ್ಮೋನಿಯಂನಲ್ಲಿ ಅದಕ್ಕಿರುವ ಮನೆ; ಅಂಕಿ ಹೆಚ್ಚಿದಂತೆ ಶ್ರುತಿ ಎತ್ತರ. ಗಂಡಸರಿಗೆ ಒಂದು ಮನೆ ಸಹಜವಾದ ಶ್ರುತಿ. ಹೆಂಗಸರು ಸಾಮಾನ್ಯವಾಗಿ ಐದು, ಐದೂವರೆ ಮನೆಯ ಆಸುಪಾಸಿನಲ್ಲಿ ಹಾಡುತ್ತಾರೆ. ಒಂದು ಮನೆಗೆ ಹಾಡುವ ಗಂಡಸಿನ ಎದುರು ಕುಳಿತ ಮಗು ಅವರ ಷಡ್ಜವನ್ನು ಹಾಗೆಯೇ ಹಿಡಿಯಲು ಹೋದರೆ ಅದರ ಗಂಟಲಿಗೆ ಅಷ್ಟು ಕೆಳಗೆ ಇಳಿಯಲಾಗದು. ಆದ್ದರಿಂದ ಮಕ್ಕಳು ತಮಗೆ ಗೊತ್ತಿಲ್ಲದೆಯೇ ಒಂದು ಸ್ಥಾಯಿ, ಅಂದರೆ ಏಳು ಸ್ವರಗಳ ಪೂರ್ತಿ ಒಂದು ಸುತ್ತು, ಮೇಲೆ ಹಾಡುತ್ತಾರೆ. 8 ವರ್ಷದ ಹುಡುಗನ ದನಿ ಹಗುರ, ಎತ್ತರ. ಆ ಮೇಲಿನ ಸ್ಥಾಯಿ ಅವನಿಗೆ ಹೇಳಿ ಮಾಡಿಸಿದಂತಿರುತ್ತದೆ. 12 ವರ್ಷದ ಹುಡುಗಿಯ ದನಿ ಅಷ್ಟರಲ್ಲಿ ತುಸು ಕೆಳಗಿಳಿದು ಗಟ್ಟಿಯಾಗತೊಡಗಿರುತ್ತದೆ. ಅದೇ ಶ್ರುತಿಗೆ ಅವಳು ಷಡ್ಜ, ರಿಷಭ, ಗಾಂಧಾರಗಳನ್ನು (ಸ, ರಿ, ಗ) ಹೇಗೋ ಹಾಡಿಯಾಳು. ಪಂಚಮ (ಪ) ದಾಟಿದ ಮೇಲೆ ಗಂಟಲು ಬಿಗಿಯುತ್ತದೆ, ನಿಷಾದ ಇಳಿಯುತ್ತದೆ, ತಾರಷಡ್ಜ, ಅಂದರೆ ಮೇಲಿನ ಷಡ್ಜ, ಮುಟ್ಟುವುದೇ ಇಲ್ಲ. ನೀವು ಬರೆದಿರುವುದು ಅಕ್ಷರಶಃ ಇದನ್ನೇ. ಕಿವಿಯ ದೋಷವಾಗಿದ್ದರೆ ಅಪಶ್ರುತಿ ಎಲ್ಲ ಸ್ವರಗಳಲ್ಲೂ ಚದುರಿಕೊಂಡಿರುತ್ತಿತ್ತು. ಮೇಲಿನ ಎರಡು ಸ್ವರಗಳಲ್ಲಿ ಮಾತ್ರ, ಅದೂ ಪ್ರತಿ ಸಲವೂ ಕೆಳಮುಖವಾಗಿಯೇ ಇರುತ್ತಿರಲಿಲ್ಲ.

ಇನ್ನೊಂದು ಸುಳಿವು ಸ್ನಾನದ ಮನೆಯದು. ಅಲ್ಲಿ ತಂಬೂರಿ ಇಲ್ಲ, ಗುರುಗಳಿಲ್ಲ, ಒಂದು ಮನೆ ಶ್ರುತಿಯೂ ಇಲ್ಲ. ಅವಳು ತನ್ನ ಗಂಟಲಿಗೆ ಹಿತವಾದ ಷಡ್ಜವನ್ನು ತಾನೇ ಆರಿಸಿಕೊಂಡು ಹಾಡುತ್ತಾಳೆ, ಮತ್ತು ನಿಮ್ಮ ಕಿವಿಗೇ ಅದು ಸರಿಯಾಗಿ ಕೇಳಿಸುತ್ತದೆ. ಸ್ವರಗಳ ನಡುವಿನ ಅಂತರವನ್ನು ಗುರುತಿಸಲಾಗದ ಮಗು ಯಾವ ಕೋಣೆಯಲ್ಲೂ ಶ್ರುತಿಶುದ್ಧವಾಗಿ ಗುನುಗಲಾರದು. ಪತ್ರದ ಕೊನೆಯಲ್ಲಿ ವಿಚಿತ್ರವೆಂದು ಸೇರಿಸಿದ ಈ ಒಂದು ವಾಕ್ಯಕ್ಕೆ, ಉಳಿದೆಲ್ಲ ವಿವರಗಳಿಗಿಂತ ಹೆಚ್ಚಿನ ತೂಕವನ್ನು ನಾನು ಕೊಡುತ್ತೇನೆ.

ಹೀಗಿದ್ದರೂ ಒಂದು ಪರೀಕ್ಷೆಯನ್ನು ಮಾತ್ರ ಮೊದಲೇ ಮಾಡಿಸಿಬಿಡಿ. ಬಹಳ ಹಿಂದೆ ನಾನು 9 ವರ್ಷದ ಒಬ್ಬ ಹುಡುಗನ ತಂದೆಗೆ ನಿಮ್ಮ ಗುರುಗಳು ಹೇಳಿದ ಮಾತನ್ನೇ ಹೇಳಿದ್ದೆ. ಎರಡು ತಿಂಗಳ ನಂತರ ವೈದ್ಯರು ನೋಡಿದಾಗ ಅವನ ಕಿವಿಯ ತಮಟೆಯ ಹಿಂದೆ ದ್ರವ ತುಂಬಿಕೊಂಡಿರುವುದು ತಿಳಿಯಿತು. ಪದೇ ಪದೇ ನೆಗಡಿಯಾಗುವ ಮಕ್ಕಳಲ್ಲಿ ಇದು ಸಾಮಾನ್ಯ. ಚಿಕಿತ್ಸೆಯಾದ ಮೇಲೆ ಅವನು ಸಾಧಾರಣವಾಗಿ ಹಾಡಿದ. ಅವನು ವಿದ್ವಾಂಸನಾಗಲಿಲ್ಲ, ಆದರೆ ನನ್ನ ತೀರ್ಪು ತಪ್ಪಾಗಿತ್ತು, ಆ ತಪ್ಪನ್ನು ನಾನು ಮರೆತಿಲ್ಲ. ನಿಮ್ಮ ಊರಿನಿಂದ ಮೈಸೂರು ದೂರವಿಲ್ಲ. 1965ರಲ್ಲಿ ಆರಂಭವಾದ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಯಲ್ಲಿ ಮಕ್ಕಳ ಶ್ರವಣ ಪರೀಕ್ಷೆಯನ್ನು ಚೆನ್ನಾಗಿ ಮಾಡುತ್ತಾರೆ. ಹಾಸನದಲ್ಲೇ ಕಿವಿ, ಮೂಗು, ಗಂಟಲು ತಜ್ಞರಲ್ಲಿ ತೋರಿಸಿದರೂ ಸಾಕು. ನೋವಿಲ್ಲದ, ಸ್ವಲ್ಪ ಹೊತ್ತಿನ ಪರೀಕ್ಷೆ ಅದು. ಇನ್ನು, ಕಿವಿಯಲ್ಲಿ ಯಾವ ದೋಷವೂ ಇಲ್ಲದೆ, ಮಿದುಳಿಗೇ ಸ್ವರಗಳ ಏರಿಳಿತ ದಕ್ಕದ ಜನ್ಮಜಾತ ಸ್ಥಿತಿಯೊಂದು ನಿಜವಾಗಿಯೂ ಇದೆ. ಆದರೆ ಅದು ನೂರು ಜನರಲ್ಲಿ ಒಬ್ಬಿಬ್ಬರಿಗೆ ಮಾತ್ರ ಇರುವಂಥದ್ದು, ಮತ್ತು ಅಂಥವರು ಪರಿಚಿತ ಹಾಡನ್ನು ಸಾಹಿತ್ಯವಿಲ್ಲದೆ ಕೇಳಿದರೆ ಯಾವ ಹಾಡೆಂದು ಗುರುತಿಸಲೂ ಕಷ್ಟಪಡುತ್ತಾರೆ. ಅಪಶ್ರುತಿಯಲ್ಲಿ ಹಾಡುವ ಹೆಚ್ಚಿನವರ ಕಿವಿ ಸರಿಯಾಗಿಯೇ ಇರುತ್ತದೆ. ಕೇಳಿದ ಸ್ವರಕ್ಕೂ ಅದನ್ನು ಹೊರಡಿಸಬೇಕಾದ ಗಂಟಲಿಗೂ ನಡುವಿನ ಹೊಂದಾಣಿಕೆ ಇನ್ನೂ ಕೂಡಿಬಂದಿರುವುದಿಲ್ಲ ಅಷ್ಟೆ. ಅದು ಕಲಿಸಬಹುದಾದ ಸಂಗತಿ.

ಈಗ ನಿಮ್ಮ ಅತ್ತೆಯವರ ಮಾತಿಗೆ ಬರೋಣ, ಏಕೆಂದರೆ ಅದು ತಳ್ಳಿಹಾಕುವ ಮಾತಲ್ಲ. ನಮ್ಮ ಶಾಸ್ತ್ರವೇ ಹುಟ್ಟಿನ ಕೊಡುಗೆಯನ್ನು ಒಪ್ಪಿಕೊಂಡಿದೆ. 13ನೆಯ ಶತಮಾನದ ಶಾರ್ಙ್ಗದೇವನು ಸಂಗೀತ ರತ್ನಾಕರದಲ್ಲಿ ಶಾರೀರವೆಂದರೆ ಏನೆಂದು ಹೇಳುವಾಗ, ಅಭ್ಯಾಸವಿಲ್ಲದೆಯೂ ರಾಗವನ್ನು ವ್ಯಕ್ತಪಡಿಸಬಲ್ಲ ದನಿಯ ಶಕ್ತಿ ಅದು, ಶರೀರದೊಂದಿಗೇ ಹುಟ್ಟುವುದರಿಂದ ಅದಕ್ಕೆ ಆ ಹೆಸರು ಎನ್ನುತ್ತಾನೆ. ಇತ್ತೀಚಿನ ಸಂಶೋಧನೆಗಳೂ ಈ ದಿಕ್ಕಿನಲ್ಲಿ ಮಾತನಾಡುತ್ತವೆ. ಸ್ವೀಡನ್ನಿನಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಅವಳಿಗಳನ್ನು ಪರೀಕ್ಷಿಸಿ 2014ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ತದ್ರೂಪಿ ಅವಳಿಗಳಲ್ಲಿ ಒಬ್ಬರು ಇನ್ನೊಬ್ಬರಿಗಿಂತ ಎಷ್ಟೋ ಹೆಚ್ಚು ಗಂಟೆ ವಾದ್ಯಾಭ್ಯಾಸ ಮಾಡಿದ್ದರೂ ಸ್ವರ, ಲಯಗಳ ಸೂಕ್ಷ್ಮ ವ್ಯತ್ಯಾಸಗಳನ್ನು ಗುರುತಿಸುವುದರಲ್ಲಿ ಇಬ್ಬರೂ ಸಮನಾಗಿದ್ದರು. ಇನ್ನೂ ಕುತೂಹಲದ ವಿಷಯವೆಂದರೆ, ಎಷ್ಟು ಅಭ್ಯಾಸ ಮಾಡುತ್ತಾರೆ ಎಂಬುದರಲ್ಲಿಯೂ ವಂಶವಾಹಿಗಳ ಪಾಲು ಸಾಕಷ್ಟಿರುವುದು ಅಲ್ಲಿ ಕಂಡುಬಂತು. ಅಂದರೆ ಒಂದು ದಿನವೂ ತಪ್ಪಿಸದೆ ಬೆಳಿಗ್ಗೆ ಎದ್ದು ಕುಳಿತುಕೊಳ್ಳುವ ನಿಮ್ಮ ಮಗಳ ಗುಣವೂ ಒಂದು ರೀತಿಯಲ್ಲಿ ಅವಳು ಹೊತ್ತುತಂದ ಪ್ರತಿಭೆಯೇ. ಮನೆಯಲ್ಲಿ ಅದನ್ನು ಯಾರೂ ಪ್ರತಿಭೆಯೆಂದು ಕರೆದಿರಲಿಕ್ಕಿಲ್ಲ.

ಆದರೆ ಆ ಅಧ್ಯಯನ ಅಳೆದದ್ದೇನು ಎಂಬುದನ್ನು ಗಮನಿಸಬೇಕು. ಎರಡು ಸ್ವರಗಳನ್ನು ಕೇಳಿಸಿ ವ್ಯತ್ಯಾಸವಿದೆಯೇ ಎಂದು ಕೇಳುವ ಪರೀಕ್ಷೆ ಅದು. ವರ್ಣವೆಂಬ ರಚನೆಯನ್ನು ಎರಡು ಕಾಲದಲ್ಲಿ, ಅಂದರೆ ಎರಡು ವೇಗದಲ್ಲಿ, ಹಾಡುವುದು, ತೋಡಿ ರಾಗದ ಗಾಂಧಾರವನ್ನು ಅದಕ್ಕೆ ಬೇಕಾದಷ್ಟೇ ತೂಗಿಸುವುದು, ಪಲ್ಲವಿಯ ಎಡುಪನ್ನು, ಅಂದರೆ ತಾಳದಲ್ಲಿ ಅದು ಶುರುವಾಗುವ ಜಾಗವನ್ನು, ಕಾಪಾಡಿಕೊಳ್ಳುವುದು ಇವುಗಳಲ್ಲಿ ಯಾವುದೂ ಹುಟ್ಟಿನಿಂದ ಬರುವುದಿಲ್ಲ. ಯಾವ ಬಾಲಪ್ರತಿಭೆಯೂ ಅವನ್ನು ಕಲಿಯದೆ ಹಾಡಿದ್ದನ್ನು ನಾನು ಕಂಡಿಲ್ಲ. ಸಂಗೀತಕ್ಕೆ ಬೇಕಾದ ದೊಡ್ಡ ಪ್ರತಿಭೆಯೆಂದು ಹಲವರು ತಿಳಿದುಕೊಂಡಿರುವ ಇನ್ನೊಂದು ಶಕ್ತಿಯ ಬಗೆಗೂ ಒಂದು ಮಾತು. ಯಾವುದೇ ಆಧಾರವಿಲ್ಲದೆ ಕೇಳಿದ ಸ್ವರವನ್ನು ಇದು ಇಂಥ ಮನೆಯದೆಂದು ಥಟ್ಟನೆ ಹೇಳುವ ಸಾಮರ್ಥ್ಯ ಕೆಲವರಿಗಿರುತ್ತದೆ. ಅದು ಬೆರಗು ಹುಟ್ಟಿಸುತ್ತದೆ, ನಿಜ. ಆದರೆ ನಮ್ಮ ಪದ್ಧತಿಯಲ್ಲಿ ಷಡ್ಜವೆಂಬುದು ಹಾಡುವವರು ಇಟ್ಟುಕೊಂಡಲ್ಲಿ ಇರುತ್ತದೆ. ತಂಬೂರಿ ಅದನ್ನು ಎಡೆಬಿಡದೆ ನುಡಿಯುತ್ತಿರುತ್ತದೆ. ಉಳಿದ ಸ್ವರಗಳೆಲ್ಲ ಅದರಿಂದ ಅಳೆದುಕೊಂಡವು. ಷಡ್ಜದಿಂದ ದೂರವನ್ನು ಅಳೆಯುವ ಕಿವಿ ಸಾಕು, ಮತ್ತು ಆ ಅಳತೆ ಅಭ್ಯಾಸದಿಂದ ತಿದ್ದಿಕೊಳ್ಳುವಂಥದ್ದು.

ನಿಮ್ಮ ತಮ್ಮ ಹೇಳುವ ಹತ್ತು ಸಾವಿರ ಗಂಟೆಯ ಲೆಕ್ಕ ಹುಟ್ಟಿದ್ದು ಬರ್ಲಿನ್ ನಗರದ ಪಿಟೀಲು ವಿದ್ಯಾರ್ಥಿಗಳಿಂದ. ಮನಶ್ಶಾಸ್ತ್ರಜ್ಞ ಆಂಡರ್ಸ್ ಎರಿಕ್ಸನ್ ಮತ್ತು ಅವರ ಸಂಗಡಿಗರು 1993ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅಲ್ಲಿನ ಸಂಗೀತ ವಿದ್ಯಾಲಯದ ಅತ್ಯುತ್ತಮ ವಿದ್ಯಾರ್ಥಿಗಳು 18ನೆಯ ವಯಸ್ಸಿಗೆ ಸರಾಸರಿ 7,410 ಗಂಟೆ, ಉತ್ತಮರು 5,301 ಗಂಟೆ, ಶಾಲಾ ಶಿಕ್ಷಕರಾಗಲು ಓದುತ್ತಿದ್ದವರು 3,420 ಗಂಟೆ ಒಂಟಿಯಾಗಿ ಅಭ್ಯಾಸ ಮಾಡಿದ್ದರು. ಹತ್ತು ಸಾವಿರವೆಂಬುದು 20ನೆಯ ವಯಸ್ಸಿನ ಒಂದು ಸರಾಸರಿ; ಅದನ್ನು ದಾಟಿದವರೆಲ್ಲ ಗೆಲ್ಲುತ್ತಾರೆಂಬ ಗಡಿರೇಖೆಯೆಂದು ಆ ಸಂಶೋಧಕರು ಹೇಳಿರಲಿಲ್ಲ. 2019ರಲ್ಲಿ ಬೇರೆ ಸಂಶೋಧಕರು ಇದೇ ಬಗೆಯ ಅಧ್ಯಯನವನ್ನು ಮತ್ತೆ ನಡೆಸಿದಾಗ ಉತ್ತಮರೂ ಅತ್ಯುತ್ತಮರೂ ಹೆಚ್ಚುಕಡಿಮೆ ಒಂದೇ ಪ್ರಮಾಣದ ಅಭ್ಯಾಸ ಮಾಡಿದ್ದರು. ಹಿಂದೆ ಬಿದ್ದವರು ಮಾತ್ರ ಸ್ಪಷ್ಟವಾಗಿ ಕಡಿಮೆ ಮಾಡಿದ್ದರು. ಅರ್ಜೆಂಟೀನಾದ ಚದುರಂಗ ಆಟಗಾರರನ್ನು ಕುರಿತ 2007ರ ಅಧ್ಯಯನದಲ್ಲಿ ಒಬ್ಬ ಆಟಗಾರ ಮಾಸ್ಟರ್ ಮಟ್ಟಕ್ಕೇರಲು 3,016 ಗಂಟೆ ಸಾಕಾಗಿತ್ತು. ಇನ್ನೊಬ್ಬನಿಗೆ 23,608 ಗಂಟೆ ಬೇಕಾಗಿತ್ತು. ಎಂಟು ಪಟ್ಟು ಅಂತರ! ನಿಮ್ಮ ಇಬ್ಬರು ಮಕ್ಕಳ ನಡುವೆ ನೀವು ಕಾಣುತ್ತಿರುವ ವ್ಯತ್ಯಾಸ ಕಲ್ಪನೆಯದಲ್ಲ ಎಂದು ಹೇಳಲು ಇದನ್ನು ಬರೆದೆ. ಆದರೆ ಹೆಚ್ಚು ಗಂಟೆ ತೆಗೆದುಕೊಂಡವನೂ ಅದೇ ಮಟ್ಟವನ್ನು ಮುಟ್ಟಿದ ಎಂಬುದೂ ಅದೇ ಅಂಕಿಯಲ್ಲಿದೆ.

2014ರಲ್ಲಿ ಹಲವಾರು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದವರು, ಸಂಗೀತದಲ್ಲಿ ಜನರ ಸಾಧನೆಯ ನಡುವಿನ ವ್ಯತ್ಯಾಸದಲ್ಲಿ ಶೇಕಡಾ 21ರಷ್ಟನ್ನು ಉದ್ದೇಶಪೂರ್ವಕ ಅಭ್ಯಾಸದಿಂದ ವಿವರಿಸಬಹುದು ಎಂದರು. ಇದನ್ನು ಹಿಡಿದುಕೊಂಡು, ಉಳಿದ 79 ಭಾಗ ಹುಟ್ಟು ಪ್ರತಿಭೆಯೆಂದು ವಾದಿಸುವವರಿದ್ದಾರೆ. ಅದು ಲೆಕ್ಕವನ್ನು ತಪ್ಪಾಗಿ ಓದಿದಂತೆ. ಆ ಉಳಿದ ಭಾಗದಲ್ಲಿ ಯಾವ ವಯಸ್ಸಿಗೆ ಕಲಿಕೆ ಶುರುವಾಯಿತು, ಯಾರು ಕಲಿಸಿದರು, ಮನೆಯಲ್ಲಿ ಏನು ಕೇಳಿಸುತ್ತಿತ್ತು, ನೆನಪಿನ ಶಕ್ತಿ ಎಷ್ಟು, ಅಳತೆಯಲ್ಲಿಯೇ ಎಷ್ಟು ದೋಷ ಎಂಬುದೆಲ್ಲ ಸೇರಿಕೊಂಡಿದೆ. ಒಪ್ಪದ ಶ್ರುತಿಯಲ್ಲಿ ನಾಲ್ಕು ವರ್ಷ ಹಾಡಿದ್ದೂ ಸೇರಿಕೊಂಡಿದೆ ಎಂದು ನಾನು ಸೇರಿಸುತ್ತೇನೆ.

ಅವಳ ಬೆಳಗಿನ ಒಂದು ಗಂಟೆಯ ಬಗ್ಗೆ ಈಗ ನೇರವಾಗಿ ಹೇಳಬೇಕು. ಕಲಿತದ್ದನ್ನೆಲ್ಲ ಮೊದಲಿನಿಂದ ಕೊನೆಯವರೆಗೆ ಒಮ್ಮೆ ಹಾಡಿ ಮುಗಿಸುವುದನ್ನು ನಾವು ಒಪ್ಪಿಸುವುದು ಎನ್ನುತ್ತೇವೆ, ಸಾಧಕ, ಅಂದರೆ ತಿದ್ದಿಕೊಳ್ಳುವ ಅಭ್ಯಾಸ, ಎನ್ನುವುದಿಲ್ಲ. ಅದರಲ್ಲಿ ಸರಿಯಾದದ್ದು ಇನ್ನೊಮ್ಮೆ ಸರಿಯಾಗುತ್ತದೆ, ತಪ್ಪಾದದ್ದು ಇನ್ನೊಮ್ಮೆ ತಪ್ಪಾಗುತ್ತದೆ. ನಾಲ್ಕು ವರ್ಷ, ದಿನಕ್ಕೊಂದು ಗಂಟೆಯೆಂದರೆ ಹತ್ತಿರ ಹತ್ತಿರ 1,400 ಗಂಟೆಗಳಾದವು. ಆ ಅವಧಿಯುದ್ದಕ್ಕೂ ಅವಳ ಗಂಟಲು ತಾರಷಡ್ಜವೆಂದರೆ ಬಿಗಿದುಕೊಂಡು ಕೆಳಗೆ ನಿಲ್ಲುವ ಜಾಗವೆಂದು ಶ್ರದ್ಧೆಯಿಂದ ಕಲಿತುಕೊಂಡಿದೆ. ಹಾಡುತ್ತ ಹಾಡುತ್ತ ರಾಗ, ನರಳುತ್ತ ನರಳುತ್ತ ರೋಗ ಎಂಬ ಗಾದೆಯ ಮೊದಲರ್ಧವನ್ನು ಮಾತ್ರ ನಾವು ಮಕ್ಕಳಿಗೆ ಹೇಳುತ್ತೇವೆ. ಎರಡನೆಯ ಅರ್ಧವೂ ಅಭ್ಯಾಸದ ಬಗೆಗಿನ ಮಾತೇ: ದೇಹ ಯಾವುದನ್ನು ಪದೇ ಪದೇ ಮಾಡುತ್ತದೆಯೋ ಅದನ್ನೇ ಗಟ್ಟಿಮಾಡಿಕೊಳ್ಳುತ್ತದೆ. ಇದರಲ್ಲಿ ಮಗುವಿನ ತಪ್ಪು ಎಳ್ಳಷ್ಟೂ ಇಲ್ಲ. ಹೇಗೆ ಅಭ್ಯಾಸ ಮಾಡಬೇಕೆಂಬುದನ್ನು ಕಲಿಸುವುದು ನಮ್ಮ ಕೆಲಸ, ಮತ್ತು ಬಹಳಷ್ಟು ತರಗತಿಗಳಲ್ಲಿ ಪಾಠ ಕೊಡುತ್ತಾರೆಯೇ ಹೊರತು ಅದನ್ನು ಕಲಿಸುವುದಿಲ್ಲ.

ಅವಳು ನನ್ನಲ್ಲಿಗೆ ಬಂದಿದ್ದರೆ ಮೊದಲ ವಾರ ನಾನು ಯಾವ ಪಾಠವನ್ನೂ ಹಾಡಿಸುತ್ತಿರಲಿಲ್ಲ. ಅವಳಿಗೆ ಇಷ್ಟವಾದ ಹಾಡನ್ನು ತಂಬೂರಿಯಿಲ್ಲದೆ ಹಾಡಲು ಹೇಳಿ, ಆ ಷಡ್ಜ ಯಾವ ಮನೆಯಲ್ಲಿದೆ ಎಂದು ಹಾರ್ಮೋನಿಯಂನಲ್ಲಿ ನೋಡಿಕೊಳ್ಳುತ್ತಿದ್ದೆ. ಅದು ಐದರಿಂದ ಆರು ಮನೆಯ ನಡುವೆ ಇರಬಹುದೆಂದು ನನ್ನ ಊಹೆ. ಕೆಳಗೆ ಮಂದ್ರ (ಕೆಳಗಿನ ಸ್ಥಾಯಿಯ) ಧೈವತದವರೆಗೂ ಮೇಲೆ ತಾರ (ಮೇಲಿನ ಸ್ಥಾಯಿಯ) ಗಾಂಧಾರದವರೆಗೂ ಬಿಗಿಯದೆ ಹೋಗಿಬರಲು ಸಾಧ್ಯವಾಗುವ ಶ್ರುತಿಯೇ ಸದ್ಯಕ್ಕೆ ಅವಳ ಶ್ರುತಿ. ಆಮೇಲೆ ಒಂದು ಗಂಟೆಯನ್ನು ಬೆಳಿಗ್ಗೆ ಇಪ್ಪತ್ತು ನಿಮಿಷ, ಸಂಜೆ ಇಪ್ಪತ್ತು ನಿಮಿಷಕ್ಕೆ ಇಳಿಸುತ್ತಿದ್ದೆ. ಮೊದಲ ಐದು ನಿಮಿಷ ಬಾಯಿ ಮುಚ್ಚಿಕೊಂಡು ತಂಬೂರಿಯನ್ನು ಕೇಳುವುದು. ಮೊಬೈಲಿನ ಚಿಕ್ಕ ಸ್ಪೀಕರಿನಲ್ಲಿ ತಂಬೂರಿಯ ಕೆಳಗಿನ ಷಡ್ಜ ಕೇಳಿಸುವುದೇ ಇಲ್ಲವಾದ್ದರಿಂದ ಅದನ್ನು ಒಂದು ಒಳ್ಳೆಯ ಸ್ಪೀಕರಿಗೆ ಜೋಡಿಸಿ. ನಂತರ ಷಡ್ಜ, ಪಂಚಮ, ತಾರಷಡ್ಜ ಈ ಮೂರನ್ನೇ ಅಕಾರದಲ್ಲಿ, ಅಂದರೆ 'ಆ' ಎನ್ನುತ್ತ, ಉಸಿರು ಇರುವಷ್ಟು ಹೊತ್ತು ನಿಲ್ಲಿಸಿ ಹಾಡುವುದು. ಕೊನೆಯ ಹತ್ತು ನಿಮಿಷ ಒಂದೇ ಒಂದು ವರಸೆ. ಎಲ್ಲಿ ಸ್ವರ ತಪ್ಪಿತೋ ಅಲ್ಲಿಯೇ ನಿಂತು, ಹಿಂದಿನ ಸ್ವರದಿಂದ ಆ ಸ್ವರಕ್ಕೆ ಹೋಗುವ ಆ ಒಂದು ಹೆಜ್ಜೆಯನ್ನಷ್ಟೇ ಹತ್ತು ಸಲ ಹಾಡಿ, ಧ್ವನಿಮುದ್ರಿಸಿಕೊಂಡು, ತಾನೇ ಕೇಳಿ, ಸರಿಯಾಯಿತೋ ಇಲ್ಲವೋ ಎಂದು ತಾನೇ ಹೇಳುವುದು. ಈ ಕೊನೆಯ ಭಾಗವೇ ಮುಖ್ಯ. ತನ್ನ ತಪ್ಪನ್ನು ತಾನು ಕೇಳಿಸಿಕೊಳ್ಳಬಲ್ಲ ಮಗುವಿಗೆ ಗುರು ಎದುರಿಗಿಲ್ಲದ ಹೊತ್ತಿನಲ್ಲೂ ಒಬ್ಬ ಗುರು ಇರುತ್ತಾನೆ.

ನಾವು ಬಾಲಪಾಠವನ್ನು ಮಾಯಾಮಾಳವಗೌಳ ರಾಗದಲ್ಲಿ ಶುರುಮಾಡುವುದರ ಹಿಂದೆಯೂ ಈ ವಿವೇಕವಿದೆ. ಈ ಕ್ರಮವನ್ನು ಹಾಕಿಕೊಟ್ಟವರು ಪುರಂದರದಾಸರೆಂದು ಪರಂಪರೆ ನಂಬುತ್ತದೆ. ಷಡ್ಜದಿಂದ ರಿಷಭಕ್ಕೆ ಚಿಕ್ಕ ಹೆಜ್ಜೆ, ರಿಷಭದಿಂದ ಗಾಂಧಾರಕ್ಕೆ ದೊಡ್ಡ ಹೆಜ್ಜೆ, ಮತ್ತೆ ಮಧ್ಯಮಕ್ಕೆ ಚಿಕ್ಕದು. ಪಂಚಮದಿಂದ ಮೇಲೆ ಅದೇ ನಕ್ಷೆ ಮರುಕಳಿಸುತ್ತದೆ. ಕೆಳಗಿನ ನಾಲ್ಕು ಸ್ವರಗಳನ್ನು ಕಲಿತ ಕಿವಿಗೆ ಮೇಲಿನ ನಾಲ್ಕು ಸ್ವರಗಳ ಅರ್ಧ ಕೆಲಸ ಆಗಿಯೇ ಹೋಗಿರುತ್ತದೆ. ನಿಮ್ಮ ಮಗಳು ಷಡ್ಜದಿಂದ ಮಧ್ಯಮದವರೆಗೆ ಸರಿಯಾಗಿ ಹಾಡುತ್ತಿದ್ದರೆ, ಪಂಚಮದಿಂದ ತಾರಷಡ್ಜದವರೆಗಿನ ದಾರಿ ಅವಳ ಕಿವಿಗೆ ಗೊತ್ತಿದೆ ಎಂದೇ ಅರ್ಥ.

ಪ್ರತಿಭೆಯ ಮಾತು ಬಂದಾಗಲೆಲ್ಲ ನಮ್ಮ ನಾಡಿನ ದೊಡ್ಡವರ ಹೆಸರುಗಳು ಬರುತ್ತವೆ. ಬೆಳಗಾವಿ ಜಿಲ್ಲೆಯ ಸುಳೇಭಾವಿಯಲ್ಲಿ 1924ರಲ್ಲಿ ಹುಟ್ಟಿದ ಕುಮಾರ ಗಂಧರ್ವರು ನಿಮ್ಮ ಮಗನ ವಯಸ್ಸಿನಲ್ಲಿ ದೊಡ್ಡ ಉಸ್ತಾದರ ಧ್ವನಿಮುದ್ರಿಕೆಗಳನ್ನು ಕೇಳಿ ಹಾಗೆಯೇ ಹಾಡುತ್ತಿದ್ದರು. ಅಂಥ ಮಗುವನ್ನೂ ಅನುಕರಣೆಯಲ್ಲಿಯೇ ಬಿಡದೆ ಮುಂಬಯಿಯಲ್ಲಿ ಬಿ. ಆರ್. ದೇವಧರರ ಬಳಿ ಕಲಿಯಲು ಬಿಟ್ಟರು. ಆಮೇಲೆ ಕ್ಷಯರೋಗದಿಂದ ವರ್ಷಗಟ್ಟಲೆ ಹಾಡಲಾಗದೆ, ಮತ್ತೆ ಹಾಡಲು ಎದ್ದಾಗ ಉಳಿದಿದ್ದ ಉಸಿರಿಗೆ ಹೊಂದುವಂತೆ ಅವರು ತಮ್ಮ ಗಾಯನವನ್ನೇ ಹೊಸದಾಗಿ ಕಟ್ಟಿಕೊಂಡರು. ಗಂಗೂಬಾಯಿ ಹಾನಗಲ್ ಅವರ 1930ರ ದಶಕದ ಧ್ವನಿಮುದ್ರಿಕೆಗಳಲ್ಲಿರುವುದು ತೆಳುವಾದ, ಎತ್ತರದ ದನಿ. ಗಂಟಲಿನ ಶಸ್ತ್ರಚಿಕಿತ್ಸೆಯಾದ ಮೇಲೆ ಅದು ಗಂಡಸಿನ ದನಿಯಷ್ಟು ಭಾರವಾಯಿತು. ಹಳೆಯ ದನಿಯನ್ನು ಮರಳಿ ತರಲು ಹೆಣಗುವ ಬದಲು, ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಹೋಗಿಬಂದು ಸವಾಯಿ ಗಂಧರ್ವರಿಂದ ಕಲಿತ ವಿದ್ಯೆಯನ್ನು ಅವರು ಆ ಹೊಸ ದನಿಯಲ್ಲಿ ಕೂರಿಸಿದರು. ಈ ಕಥೆಗಳನ್ನು ಪರಿಶ್ರಮಪಟ್ಟರೆ ಎಲ್ಲರೂ ಗಂಗೂಬಾಯಿಯವರಾಗಬಹುದೆಂದು ಹೇಳಲು ನಾನು ಬಳಸುವುದಿಲ್ಲ. ಅವರ ತಾಯಿ ಅಂಬಾಬಾಯಿಯವರೇ ಕರ್ನಾಟಕ ಸಂಗೀತದ ಗಾಯಕಿಯಾಗಿದ್ದರು. ಮನೆಯಲ್ಲಿ ಸಂಗೀತವಿತ್ತು, ಕಿವಿಯಿತ್ತು, ಗುರುವೂ ಸಿಕ್ಕಿದರು. ಅಷ್ಟೇ ಕಷ್ಟಪಟ್ಟೂ ಹೆಸರಾಗದವರ ಕಥೆಯನ್ನು ಯಾರೂ ಬರೆದಿಡುವುದಿಲ್ಲವಾದ್ದರಿಂದ ನಮಗೆ ಲೆಕ್ಕ ಸಿಗುವುದು ಅರ್ಧ ಮಾತ್ರ. ನಿಮ್ಮ ಮಗಳಿಗೆ ಇದರಲ್ಲಿ ಬೇಕಾದದ್ದು ಒಂದೇ ಸಂಗತಿ: ಅವರಿಬ್ಬರೂ ತಮಗಿರುವ ಗಂಟಲು ಯಾವುದೆಂದು ತಿಳಿದುಕೊಂಡು ಅದಕ್ಕೆ ತಕ್ಕಂತೆ ಹಾಡಿದರು.

ಆ ಅರ್ಧ ಲೆಕ್ಕದಲ್ಲಿ ನನಗೆ ಗೊತ್ತಿರುವ ಒಬ್ಬಳ ಕಥೆಯನ್ನೂ ಹೇಳಬೇಕು. ನನ್ನ ವಿದ್ಯಾರ್ಥಿನಿಯೊಬ್ಬಳು 11 ವರ್ಷ ನಿಷ್ಠೆಯಿಂದ ಕಲಿತಳು. ಸರಿಯಾದ ಶ್ರುತಿ, ಸರಿಯಾದ ಸಾಧಕ, ಯಾವುದಕ್ಕೂ ಕೊರತೆಯಿರಲಿಲ್ಲ. ಸೀನಿಯರ್ ಪರೀಕ್ಷೆಯಲ್ಲಿ ಒಳ್ಳೆಯ ಅಂಕ ಬಂತು. ಆದರೆ ರಾಗವನ್ನು ತಾನಾಗಿ ಬೆಳೆಸುವುದು, ಸ್ಥಳದಲ್ಲೇ ಸ್ವರಗಳನ್ನು ಹೆಣೆಯುವ ಕಲ್ಪನಾಸ್ವರ ಹಾಕುವುದು ಅವಳಿಂದ ಆಗಲೇ ಇಲ್ಲ. ಕೇಳಿದ್ದನ್ನು ಶುದ್ಧವಾಗಿ ಹಾಡುತ್ತಿದ್ದಳು, ಕೇಳದ್ದು ಅವಳಿಗೆ ಹೊಳೆಯುತ್ತಿರಲಿಲ್ಲ. ಕಛೇರಿ ಗಾಯಕಿಯಾಗುವ ಆಸೆಯನ್ನು ಅವಳು ಬಿಟ್ಟದ್ದು ಅಳುತ್ತಲೇ. ಈಗ ಬೆಂಗಳೂರಿನಲ್ಲಿ ಬೇರೆ ಉದ್ಯೋಗದಲ್ಲಿದ್ದಾಳೆ, ಭಾನುವಾರ ಐದಾರು ಮಕ್ಕಳಿಗೆ ಸರಳೆ, ಜಂಟಿ ಹೇಳಿಕೊಡುತ್ತಾಳೆ, ಮತ್ತು ಅವಳಷ್ಟು ತಾಳ್ಮೆಯಿಂದ ಹೇಳಿಕೊಡುವವರನ್ನು ನಾನು ಹೆಚ್ಚು ಕಂಡಿಲ್ಲ. ಅವಳ ಶ್ರಮಕ್ಕೆ ಬಯಸಿದ ಫಲ ಸಿಗಲಿಲ್ಲ ಎಂಬುದನ್ನು ಮಾತ್ರ ಮುಚ್ಚಿಟ್ಟು ನಿಮಗೆ ಸಮಾಧಾನ ಹೇಳುವುದು ಪ್ರಾಮಾಣಿಕವಾಗುವುದಿಲ್ಲ.

ಇನ್ನು ನಿಮ್ಮ ಮುಂದಿರುವ ದಾರಿಗಳು. ಮೊದಲಿಗೆ ಇದೇ ಗುರುಗಳಲ್ಲಿ ಮಾತನಾಡಿ, ಮಗಳಿಗೆ ಬೇರೆ ಶ್ರುತಿಯಲ್ಲಿ ಪ್ರತ್ಯೇಕವಾಗಿ ವಾರಕ್ಕೆ ಅರ್ಧ ಗಂಟೆ ಕೊಡಲು ಸಾಧ್ಯವೇ ಎಂದು ಕೇಳಿ. ಹತ್ತು ಮಕ್ಕಳ ತರಗತಿಯಲ್ಲಿ ಒಬ್ಬೊಬ್ಬರ ಶ್ರುತಿ ನೋಡುವುದು ನಿಜಕ್ಕೂ ಕಷ್ಟ; ಇದನ್ನು ದೂರಿನಂತೆ ಹೇಳದೆ ಕೋರಿಕೆಯಂತೆ ಕೇಳಿದರೆ ಹೆಚ್ಚಿನ ಗುರುಗಳು ಒಪ್ಪುತ್ತಾರೆ. ಅಪಾಯವೆಂದರೆ, ಒಲಿಯುವುದಿಲ್ಲ ಎಂದು ಒಮ್ಮೆ ತೀರ್ಮಾನಿಸಿದವರು ಆ ಮಗುವಿನ ತಪ್ಪುಗಳನ್ನೇ ಹೆಚ್ಚು ಕೇಳಿಸಿಕೊಳ್ಳತೊಡಗುತ್ತಾರೆ. ಒಂದೆರಡು ತಿಂಗಳಲ್ಲಿ ಅದು ನಿಮಗೇ ತಿಳಿಯುತ್ತದೆ. ಆಗ ಗುರುವನ್ನು ಬದಲಿಸಬೇಕಾಗುತ್ತದೆ. ಸಾಧ್ಯವಾದರೆ ಅವಳ ದನಿಗೆ ಹತ್ತಿರದ ಶ್ರುತಿಯಲ್ಲಿ ಹಾಡುವ ಮಹಿಳೆಯೊಬ್ಬರಲ್ಲಿಗೆ ಕಳುಹಿಸಿ. ಹೊಸ ಗುರುಗಳು ಸರಳೆ ವರಸೆಯಿಂದಲೇ ಮತ್ತೆ ಶುರುಮಾಡಿಸಬಹುದು, ಮತ್ತು 12 ವರ್ಷದ ಹುಡುಗಿಗೆ ಅದು ಅವಮಾನವೆನ್ನಿಸಬಹುದು. ಮೊದಲೇ ಅವಳಿಗೆ ಹೇಳಿ ಒಪ್ಪಿಸಿ.

ವೀಣೆಗೆ ಬದಲಿಸಿ ಎಂದು ಕೆಲವರು ಸಲಹೆ ಕೊಟ್ಟಾರು. ವೀಣೆಯಲ್ಲಿ 24 ಮೆಟ್ಟಿಲುಗಳಿರುವುದರಿಂದ ಸ್ವರಸ್ಥಾನ ಕಣ್ಣಿಗೂ ಬೆರಳಿಗೂ ಸಿಗುತ್ತದೆ, ನುಡಿಸುತ್ತ ನುಡಿಸುತ್ತ ಕಿವಿಯೂ ತಿದ್ದಿಕೊಳ್ಳುತ್ತದೆ. ಹಾಡಲು ಅಳುಕುವ ಕೆಲವು ಮಕ್ಕಳು ವೀಣೆಯ ಮರೆಯಲ್ಲಿ ಅರಳಿದ್ದನ್ನು ಕಂಡಿದ್ದೇನೆ. ಆದರೆ ವಾದ್ಯದ ಬೆಲೆ ಕಡಿಮೆಯಲ್ಲ, ತಂತಿ ಎಳೆದು ಸ್ವರವನ್ನು ತೂಗಿಸುವ ಗಮಕ ನುಡಿಸುವ ಹಂತದಲ್ಲಿ ಮೆಟ್ಟಿಲು ಕೈಹಿಡಿಯುವುದಿಲ್ಲ, ಮತ್ತು ಹಾಡಲು ಬಾರದ್ದಕ್ಕೆ ವೀಣೆ ಕೊಡಿಸಿದರು ಎಂಬ ಭಾವ ಮಗುವಿನಲ್ಲಿ ಉಳಿದರೆ ವಾದ್ಯವೂ ಶಿಕ್ಷೆಯಾಗುತ್ತದೆ. ಅವಳಾಗಿ ಇಷ್ಟಪಟ್ಟರೆ ಮಾತ್ರ ಈ ದಾರಿ ಸರಿ. ಪೂರ್ತಿ ಬಿಡುವುದೂ ಒಂದು ದಾರಿಯೇ, ಅದರಲ್ಲಿ ನಾಚಿಕೆಯೇನಿಲ್ಲ. ಆದರೆ ತನ್ನ ಬೆನ್ನ ಹಿಂದೆ ಆಡಿದ ಒಂದು ಮಾತು ಕಿವಿಗೆ ಬಿದ್ದ ಈ ತಿಂಗಳಲ್ಲಿ ಬಿಡಿಸಬೇಡಿ. ಈಗ ಬಿಟ್ಟರೆ ತನಗೆ ಸಂಗೀತ ಬರುವುದಿಲ್ಲವೆಂಬುದು ಅವಳಿಗೆ ಸಾಬೀತಾದ ಸತ್ಯವಾಗಿ ಉಳಿಯುತ್ತದೆ. ಶ್ರುತಿ ಬದಲಿಸಿ ಮೂರು ತಿಂಗಳು ನೋಡಿ. ಈ ವಯಸ್ಸಿನಲ್ಲಿ ಹುಡುಗಿಯರ ದನಿಗೆ ಒಂದಿಷ್ಟು ಗಾಳಿ ಬೆರೆತು ಮಂಕಾಗುವುದೂ ಉಂಟು; ಅದಕ್ಕೆ ಹೆದರಬೇಡಿ, ಒತ್ತಿ ಹಾಡಿಸಬೇಡಿ.

ನಿಮ್ಮ ಮಗನ ಬಗ್ಗೆ ನನಗೆ ಹೆಚ್ಚಿನ ಚಿಂತೆಯಿದೆ ಎಂದರೆ ಆಶ್ಚರ್ಯಪಡಬೇಡಿ. ಎರಡು ಸಲ ಕೇಳಿದ್ದನ್ನು ಒಪ್ಪಿಸುವ ನೆನಪು ನಿಜವಾದ ಕೊಡುಗೆ. ಆದರೆ ಇನ್ನು ನಾಲ್ಕೈದು ವರ್ಷಗಳಲ್ಲಿ ಅವನ ದನಿ ಒಡೆಯುತ್ತದೆ. ಹುಡುಗಿಯರ ದನಿ ಇಳಿಯುವುದು ಕೆಲವೇ ಸ್ವರಗಳಷ್ಟು. ಹುಡುಗರದು ಹೆಚ್ಚುಕಡಿಮೆ ಒಂದು ಸ್ಥಾಯಿಯಷ್ಟು ಇಳಿಯುತ್ತದೆ. ಈಗ ಸುಲಭವಾಗಿರುವುದೆಲ್ಲ ಆಗ ಕೆಲವು ತಿಂಗಳು ಕೈಕೊಡುತ್ತದೆ, ಮತ್ತು ಕುಳಿತು ತಿದ್ದಿಕೊಳ್ಳುವ ರೂಢಿಯೇ ಇಲ್ಲದ ಹುಡುಗರು ಸಂಗೀತ ಬಿಡುವುದು ಆ ಹೊತ್ತಿನಲ್ಲಿಯೇ. ಅಮೆರಿಕದಲ್ಲಿ 1998ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ, ನೀನು ಬುದ್ಧಿವಂತ ಎಂದು ಹೊಗಳಿಸಿಕೊಂಡ ಮಕ್ಕಳು, ಚೆನ್ನಾಗಿ ಶ್ರಮಪಟ್ಟೆ ಎಂದು ಹೊಗಳಿಸಿಕೊಂಡವರಿಗಿಂತ ಸೋಲಿನ ನಂತರ ಬೇಗ ಕೈಚೆಲ್ಲಿದರು; ತಮ್ಮ ಅಂಕವನ್ನು ಹೆಚ್ಚಿಸಿ ಹೇಳಿಕೊಂಡವರೂ ಅವರಲ್ಲೇ ಹೆಚ್ಚು. ಹೊಗಳಿಕೆಯ ಧಾಟಿ ಬದಲಿಸಿದರೆ ಮಕ್ಕಳು ಬದಲಾಗಿಬಿಡುತ್ತಾರೆ ಎಂಬ ದೊಡ್ಡ ನಿರೀಕ್ಷೆ ಬೇಡ. ಈ ವಿಚಾರಸರಣಿಯನ್ನು ಶಾಲೆಗಳಲ್ಲಿ ಪ್ರಯೋಗಿಸಿದಾಗ ಸಿಕ್ಕ ಪರಿಣಾಮ ಚಿಕ್ಕದೆಂದು ನಂತರದ ವಿಶ್ಲೇಷಣೆಗಳು ತೋರಿಸಿವೆ. ಆದರೂ ಅವನ ಎದುರು ಅವನನ್ನು ದೈವದತ್ತ ಪ್ರತಿಭೆಯೆಂದು ಬಂದವರಿಗೆಲ್ಲ ಹೇಳುವುದನ್ನು ನಿಲ್ಲಿಸಿದರೆ ನಷ್ಟವೇನಿಲ್ಲ. ಅಕ್ಕನನ್ನು ಅವನ ಎದುರು, ಪಾಪ ಎಷ್ಟು ಕಷ್ಟಪಡುತ್ತಾಳೆ ಎಂದು ಹೊಗಳುವುದೂ ಬೇಡ. ಅಂಥ ಹೊಗಳಿಕೆಯ ಒಳಗಿನ ಮರುಕವನ್ನು ಮಕ್ಕಳು ಕ್ಷಣದಲ್ಲಿ ಗುರುತಿಸುತ್ತಾರೆ. ಇಂದು ನಿನ್ನ ನಿಷಾದ ನಿನ್ನೆಗಿಂತ ನಿಂತಿತು ಎಂದು, ನಿಜವಾಗಿಯೂ ನಿಂತಿದ್ದರೆ ಮಾತ್ರ, ಹೇಳಿ. ಇಬ್ಬರ ತರಗತಿಯ ಹೊತ್ತನ್ನೂ ಬೇರೆ ಮಾಡಿಸಿ. ಒಂದೇ ಜಮಖಾನೆಯ ಮೇಲೆ ಅಕ್ಕ ತಮ್ಮ ಕುಳಿತಿರುವಷ್ಟು ಕಾಲ ಅಳತೆಗೋಲು ಪಕ್ಕದಲ್ಲೇ ಇರುತ್ತದೆ.

ಕೊನೆಯದಾಗಿ, ಇಷ್ಟೆಲ್ಲ ವಿವರಗಳಿರುವ ನಿಮ್ಮ ಪತ್ರದಲ್ಲಿ ಅವಳಿಗೆ ಏನು ಬೇಕು ಎಂಬುದು ಎಲ್ಲಿಯೂ ಇಲ್ಲ. ಗುರುಗಳ ಮಾತು ಅವಳಿಗೆ ಕೇಳಿಸಿತೆಂದು ನಿಮಗೆ ಗೊತ್ತಿದೆ ಎಂಬುದನ್ನು ಮೊದಲು ಅವಳಿಗೆ ಹೇಳಿ. ನಿನ್ನ ಗಂಟಲಿಗೆ ಹೊಂದದ ಶ್ರುತಿಯಲ್ಲಿ ನಾಲ್ಕು ವರ್ಷ ಹಾಡಿಸಿದೆವು, ಅದು ನಮಗೆ ತಿಳಿಯದೆ ಆದ ತಪ್ಪು, ಈಗ ಬದಲಿಸಿ ನೋಡೋಣವೇ ಎಂದು ಕೇಳಿ. ಮೂರು ತಿಂಗಳ ನಂತರ ಅದೇ ಪ್ರಶ್ನೆಯನ್ನು ಇನ್ನೊಮ್ಮೆ ಕೇಳಿ, ಆಗ ಅವಳು ಏನು ಹೇಳಿದರೂ ಒಪ್ಪಿಕೊಳ್ಳಿ. ಈ ನಡುವೆ ಸ್ನಾನದ ಮನೆಯ ಹಾಡನ್ನು ಯಾರೂ ತಿದ್ದಬೇಡಿ, ಕದ್ದು ಮುದ್ರಿಸಿಕೊಳ್ಳಬೇಡಿ, ಚೆನ್ನಾಗಿತ್ತು ಎಂದೂ ಹೇಳಬೇಡಿ. ಅದು ಅವಳು ಯಾರಿಗೂ ಒಪ್ಪಿಸಬೇಕಿಲ್ಲದ ಹಾಡು.